ಎಲ್ಲ ಫೋಟೊಗಳಲ್ಲೂ ನಡುವೆ ನಾನೇ

"ಆಜಿ, ಹರ್ ಫೋಟೋ ಮೇ ಬೀಚ್ ಮೇ ಆಪ್! ಶಾದಿ ಕಿಸ್‌ಕಿ ಹುಈ?" ಎಲ್ಲದರಲ್ಲೂ ನಡುವೆ ನೀವೇ, ಮದುವೆ ಆಗಿದ್ದು ಯಾರಿಗೆ ಎಂದು ನಾಗಪುರದ ಸೀತಾಬರ್ಡಿಯ ವೀಸಾ ಏಜೆಂಟ್ ಮೇಡಂ ಕೇಳಿಯೇಬಿಟ್ಟರು.

ಮೊಮ್ಮಗಳು ಶ್ರುತಿಯ ಗಂಡ ಕೆನಡಾ ಪ್ರಜೆ, ಕೆಲಸಕ್ಕಾಗಿ ಸದ್ಯ ನಾಗಪುರದಲ್ಲಿದ್ದಾನೆ. ಇಲ್ಲಿಂದಲೇ ಅವಳ ಸ್ಪೌಸ್ ವೀಸಾಕ್ಕೆ ಅರ್ಜಿ ಹಾಕಬೇಕು. ಮದುವೆ ನಿಜವೆಂದು ತೋರಿಸಲು ಇಬ್ಬರೂ ಜೊತೆಗಿರುವ ಫೋಟೊ ಬೇಕಂತೆ. ಮಂಟಪದಲ್ಲಿ, ಕೋರಾಡಿ ಗುಡಿಯಲ್ಲಿ, ಬರ್ತ್‌ಡೇ ಕೇಕಿನ ಹಿಂದೆ, ಎಲ್ಲೆಡೆ ಅವರ ನಡುವೆ ನಾನು. ಹಿರಿಯರೆದುರು ಗಂಡಹೆಂಡತಿ ಹೆಗಲು ತಾಗಿಸಿ ನಿಲ್ಲುವುದು ಕಾನ್ವೆಂಟಿನಲ್ಲಿ ಕಲಿತ ನನಗೆ ಬ್ಯಾಡ್ ಮ್ಯಾನರ್ಸ್. ಕ್ಯಾಮೆರಾ ಕಂಡೊಡನೆ ನಡುವೆ ನುಗ್ಗುತ್ತಿದ್ದೆ.

"ಅಜ್ಜಿ, ವೀಸಾ ರಿಜೆಕ್ಟ್ ಆದ್ರ ನಿನ್ನ ಕೂಡನೇ ಇದ್ದುಬಿಡ್ತೀನಿ ನೋಡು!" ಎಂದು ಶ್ರುತಿ ಹೆದರಿಸಿದಳು. ಒಂದು ಕ್ಷಣ ನನಗೆ ಆಸೆಯೂ ಆಯಿತು. ಆದರೆ ಅವಳ ಕಣ್ಣು ತುಂಬಿತ್ತು. ಅಲ್ಲೇ ಪೆನ್ ಕೇಳಿ, ಕಾನ್ವೆಂಟಿನ ಸಿಸ್ಟರ್ ಕಲಿಸಿದ ಕರ್ಸಿವ್ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ: ಇವರ ಮದುವೆ ನಿಜ, ನಡುವೆ ನಿಂತದ್ದು ಮಾತ್ರ ನನ್ನ ತಪ್ಪು.

ವೀಸಾ ಬಂತು. ಅವರು ಕೆನಡಾಕ್ಕೆ ಹೊರಡುವ ದಿನ ಏರ್‌ಪೋರ್ಟಿನಲ್ಲಿ ಫೋಟೊಗೆ ನಿಂತಾಗ ನಾನು ಶಿಸ್ತಾಗಿ ಬದಿಗೆ ಸರಿದೆ. ಇಬ್ಬರೂ ಕೈಹಿಡಿದೆಳೆದು ನನ್ನನ್ನು ನಡುವೆ ನಿಲ್ಲಿಸಿಕೊಂಡರು. ಆ ಫೋಟೊವನ್ನು ಯಾವ ಆಫೀಸಿಗೂ ಕೊಡಬೇಕಾಗಿಲ್ಲ.