ಗಿರಣಿ ಬಿಟ್ಟವರ ಪಟ್ಟಿ

ನೂಲಿನ ಗಿರಣಿಯ ದವಾಖಾನೆಯ ನರ್ಸಿಗೆ ಕೆಲಸಗಾರರು ಇಟ್ಟ ಹೆಸರು ಊದಮ್ಮ. ಉಸಿರಿನ ಬಲ ಅಳೆಯುವ ಕೊಳವೆಯನ್ನು ಅವರ ಬಾಯಿಗೆ ಹಿಡಿದು "ಊದಿ, ಇನ್ನೂ ಊದಿ" ಎಂದು ಗದರುತ್ತಿದ್ದವಳು ಅವಳು. ಹತ್ತಿಯ ಧೂಳಿನಿಂದ ಎದೆ ಕೆಡುತ್ತದೆಯೇ ಎಂದು ಪರೀಕ್ಷಿಸಲು ಬಂದಿದ್ದ ಡಾಕ್ಟರಿಗೆ ಅವಳೇ ಬಲಗೈ. ಮೂರು ವಾರದಲ್ಲಿ ಇನ್ನೂರ ಹನ್ನೆರಡು ಮಂದಿಯನ್ನು ಅಳೆದಾಯಿತು.

"ಸಿಸ್ಟರ್, ಇವರ ಎದೆ ಹೊರಗಿನವರಿಗಿಂತ ಗಟ್ಟಿ. ಧೂಳಿಂದ ತೊಂದರೆ ಕಾಣಲಿಲ್ಲ ಅಂತ ಬರೀತೀನಿ."

ಊದಮ್ಮನಿಗೆ ಮೈ ಉರಿಯಿತು. ಅವಳ ಅಕ್ಕ ಅದೇ ಗಿರಣಿಯಲ್ಲಿ ಹದಿನಾಲ್ಕು ವರ್ಷ ಹತ್ತಿ ಹಿಂಜಿ, ಕೆಮ್ಮು ತಾಳಲಾರದೆ ಮನೆ ಸೇರಿದ್ದಳು. ಈಗ ಒಂದು ಮಹಡಿ ಹತ್ತಲು ಮೂರು ಸಲ ನಿಲ್ಲುತ್ತಿದ್ದಳು.

"ಸಾರ್, ನಾವು ಅಳೆದದ್ದು ಇವತ್ತು ಕೆಲಸಕ್ಕೆ ಬಂದವರನ್ನ. ಕೆಮ್ಮಿಕೊಂಡು ಬಿಟ್ಟುಹೋದವರು ಯಾವ ಲೆಕ್ಕಕ್ಕೆ? ತಡ್ಕೊಂಡು ಉಳಿದವರನ್ನ ಊದಿಸಿ ಎಲ್ಲರೂ ಗಟ್ಟಿ ಅಂದ್ರೆ ಹೇಗೆ?"

ಡಾಕ್ಟರು ಕನ್ನಡಕ ತೆಗೆದರು. "ಒಂದೇ ಸಲ ನೋಡೋ ಸಮೀಕ್ಷೆಯ ದೋಷವೇ ಅದು. ಆದ್ರೆ ಬಿಟ್ಟವರನ್ನ ಎಲ್ಲಿ ಹುಡುಕ್ತೀರಿ?"

"ಅದು ನನಗೆ ಬಿಡಿ."

ಉಗ್ರಾಣದ ಹಳೆಯ ಹಾಜರಿ ಪುಸ್ತಕಗಳಿಂದ ಕೆಲಸ ಬಿಟ್ಟವರ ತೊಂಬತ್ತಾರು ಹೆಸರು ಹೊರಬಂದವು. ರಜೆಯ ದಿನಗಳಲ್ಲಿ ಮನೆಮನೆ ಅಲೆದಳು. ಗಿರಣಿಯವಳೆಂದು ಕೆಲವರು ಬಾಗಿಲು ಹಾಕಿಕೊಂಡರು. ಅಂಥ ಕಡೆಗೆ ಅಕ್ಕನನ್ನು ಕರೆದುಕೊಂಡು ಹೋದಳು. ಅವಳ ಏದುಸಿರು ಕೇಳಿದ ಮೇಲೆ ಯಾರೂ ಬೇಡ ಎನ್ನಲಿಲ್ಲ. ಎಪ್ಪತ್ತೊಂದು ಜನ ಸಿಕ್ಕರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಸರಿಯಾಗಿ ಊದಲಾಗಲಿಲ್ಲ.

ಡಾಕ್ಟರು ಆಗಲೂ ಒಪ್ಪಲಿಲ್ಲ. "ಇವರು ಸೇರುವಾಗ ಎದೆ ಹೇಗಿತ್ತೋ ಗೊತ್ತಿಲ್ಲ. ಎಷ್ಟೋ ಜನ ಸಿಗರೇಟು ಸೇದ್ತಾರೆ. ಮೇಲಾಗಿ ಕಾಯಿಲೆಯವರಿಗೆ ಧೂಳಿನ ನೆನಪು ಜಾಸ್ತಿ, ಗಟ್ಟಿ ಇರೋರಿಗೆ ಮರೆತಿರುತ್ತೆ."

"ಹಾಗಾದ್ರೆ ಚೀಟಿ ಎತ್ತಿ ಅರ್ಧ ಜನಕ್ಕೆ ಧೂಳು ಕುಡಿಸೋಣ್ವಾ?"

"ಛೆ, ಅದು ಅನ್ಯಾಯ. ಹೊಸಬರನ್ನ ಮೊದಲ ದಿನವೇ ಅಳೆದು, ವರ್ಷ ವರ್ಷ ನೋಡ್ತಾ ಹೋಗ್ಬೇಕು. ಅವರು ಕೆಲಸ ಬಿಟ್ರೂ ನಾವು ಅವರನ್ನ ಬಿಡಬಾರದು."

"ಬಿಡಲ್ಲ."

ಏಳು ವರ್ಷ ಬಿಡಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಮುಖ್ಯ ನರ್ಸಿನ ಕೆಲಸ ಬಂದರೂ ಒಲ್ಲೆನೆಂದಳು. ಮದುವೆಯಾಗಿ ಹೋದವರ, ಊರು ಬದಲಿಸಿದವರ ವಿಳಾಸ ಕೆದಕಿ, ಕೊಳವೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಹೊಸದಾಗಿ ಸೇರಿದ್ದ ನೂರ ಮೂವತ್ತು ಜನರಲ್ಲಿ ಕಣ್ಣಿಗೆ ಬೀಳದೆ ಹೋದವರು ಒಂಬತ್ತೇ ಮಂದಿ. ಅವರಲ್ಲಿ ಗಿರಣಿಯ ಕಚೇರಿಗೆ ಸೇರಿದವರ ಉಸಿರು ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ಹತ್ತಿ ಹಿಂಜುವವರದು, ಸಿಗರೇಟು ಮುಟ್ಟದವರದು ಕೂಡ, ವರ್ಷ ವರ್ಷ ಇಳಿದಿತ್ತು.

ವರದಿ ಓದಿದ ಮಾಲೀಕರು ಧೂಳು ಹೀರುವ ಯಂತ್ರಗಳನ್ನು ಹಾಕಿಸಿದರು. ಅಕ್ಕನ ಎದೆಗೆ ಅದರಿಂದ ಏನೂ ಆಗಲಿಲ್ಲ. ಆದರೂ ಅವಳು ಯಂತ್ರ ನೋಡಲು ಬಂದು, ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು.

ವರದಿಯ ಕೊನೆಯ ಪುಟದಲ್ಲಿ, ಇದು ಒಂದೇ ಗಿರಣಿಯ ಮಾತು, ಎಲ್ಲೆಡೆಗೂ ಹೊಂದುತ್ತದೆ ಎನ್ನಲಾಗದು ಎಂದು ಡಾಕ್ಟರು ಬರೆದಿದ್ದರು. ಊದಮ್ಮ ಅದನ್ನು ಎರಡು ಸಲ ಓದಿದಳು.

"ನದಿಯಾಚೆ ಇನ್ನೊಂದು ಗಿರಣಿ ಇದೆಯಲ್ಲ ಸಾರ್. ಅಲ್ಲಿ ಯಾರನ್ನ ಕೇಳ್ಬೇಕು?"