ಏಳನೇ ಡಬ್ಬದ ಚೆರ್ರಿ

ಬೆಳಗಿನ ಐದೂವರೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರು ಜೀಪಿನ ಬಾನೆಟ್ ಮೇಲೆ ಪೇಪರ್ ಕಟ್ಟು ಬಿಚ್ಚುತ್ತಿರುವ ಗಂಗಾಧರಪ್ಪನವರು ಒಂದು ಕಡೆ ನಿಲ್ಲುವುದಿಲ್ಲ. ಎರಡು ಪೇಪರ್ ಮಡಚುತ್ತಾರೆ. ಜೀಪಿನ ಹಿಂದೆ ಹೋಗಿ ಗೋಣಿಚೀಲದಿಂದ ಒಂದು ಪುಸ್ತಕ ಎಳೆಯುತ್ತಾರೆ, ಬೀದಿದೀಪಕ್ಕೆ ಹಿಡಿದು ನಾಲ್ಕು ಸಾಲು ಓದುತ್ತಾರೆ, ತಲೆ ಅಲ್ಲಾಡಿಸಿ ವಾಪಸ್ ತುರುಕುತ್ತಾರೆ. ಮತ್ತೆ ಎರಡು ಪೇಪರ್, ಮತ್ತೆ ಗೋಣಿಚೀಲ. ಫೆಬ್ರುವರಿಯ ಚಳಿಗೆ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ ನನಗೆ ನೋಡಿಯೇ ಸುಸ್ತಾಗುತ್ತದೆ.

ಏನು ಹುಡುಕುತ್ತಿದ್ದೀರಿ ಎಂದು ಕೇಳುತ್ತೇನೆ.

"ಏಳನೇ ಡಬ್ಬಕ್ಕೆ ಸಾರ್. ಎಂತ ಹಾಕೋದು ಅಂತ್ಲೇ ಗೊತ್ತಾಗ್ತಿಲ್ಲ. ಎಂಟು ವರ್ಷ ಆಯ್ತು, ಇನ್ನೂ ಗೊತ್ತಾಗ್ಲಿಲ್ಲ."

ಐವತ್ನಾಲ್ಕರ ಗಂಗಾಧರಪ್ಪ, ರಸ್ತೆಯುದ್ದಕ್ಕೂ ಎಲ್ಲರ ಬಾಯಲ್ಲಿ ಪೇಪರ್ ಗಂಗಣ್ಣ, ಮೂಡಿಗೆರೆಯಿಂದ ಕಳಸದವರೆಗೆ ದಿನಾ ಪೇಪರ್ ಹಾಕುತ್ತಾರೆ. ಎಸ್ಟೇಟ್ ಬಂಗಲೆಗಳು, ತೋಟದ ಮನೆಗಳು ರಸ್ತೆಯಿಂದ ಎಷ್ಟೋ ಒಳಗಿವೆ. ಹಾಗಾಗಿ ಪ್ರತಿ ತಿರುವಿನಲ್ಲೂ ಒಂದು ಕಂಬ, ಕಂಬಕ್ಕೊಂದು ತಗಡಿನ ಡಬ್ಬ. ಪೇಪರ್ ಡಬ್ಬದೊಳಗೆ ಬೀಳುತ್ತದೆ, ಮನೆಯವರು ಬಿಡುವಾದಾಗ ಬಂದು ಒಯ್ಯುತ್ತಾರೆ. ಒಟ್ಟು ನಲವತ್ತಮೂರು ಡಬ್ಬ. ಅದರಲ್ಲಿ ಹತ್ತೊಂಬತ್ತಕ್ಕೆ ತಿಂಗಳ ಮೊದಲ ಭಾನುವಾರ ಪೇಪರಿನ ಜೊತೆ ಒಂದು ಪುಸ್ತಕವೂ ಬೀಳುತ್ತದೆ. ಓದುವವರ ಮುಖವನ್ನು ಇವರು ನೋಡಿರುವುದು ಕಡಿಮೆ. ಇವರು ಹಾಯುವ ಹೊತ್ತಿಗೆ ಅವರು ಹಾಲು ಕರೆಯುತ್ತಿರುತ್ತಾರೆ, ಅಥವಾ ಇನ್ನೂ ಕಂಬಳಿಯೊಳಗೇ ಇರುತ್ತಾರೆ.

ನಾನು ಈ ಮನುಷ್ಯನನ್ನು ಹುಡುಕಿಕೊಂಡು ಬಂದದ್ದು ಪತ್ರಿಕೆಗೊಂದು ಲೇಖನ ಬರೆಯಲು, ಆದರೆ ಸ್ವಂತದ ಕಾರಣವೂ ಇದೆ. ನನ್ನ ಮಂಚದ ಪಕ್ಕ ಓದದ ಪುಸ್ತಕಗಳು ಸೊಂಟದೆತ್ತರ ಬೆಳೆದಿವೆ. ಮುಂದೆ ಯಾವುದನ್ನು ಓದಲಿ ಎಂದು ಯೋಚಿಸುತ್ತಾ ಯೋಚಿಸುತ್ತಾ ಹಳೆಯದನ್ನೇ ಮೂರನೇ ಸಲ ಓದುವ ಸೋಮಾರಿ ನಾನು. ನನ್ನೊಬ್ಬನಿಗೇ ಆರಿಸಿಕೊಳ್ಳಲಾಗದಿರುವಾಗ, ಕಾಣದ ಹತ್ತೊಂಬತ್ತು ಮನೆಗೆ ಈತ ಹೇಗೆ ಆರಿಸುತ್ತಾರೆ ಎನ್ನುವುದು ನನ್ನ ತಲೆ ತಿನ್ನುತ್ತಿತ್ತು.

ಜೀಪು ಕೊಟ್ಟಿಗೆಹಾರದ ಕಡೆ ಹೊರಡುತ್ತದೆ. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಕಥೆ ಹೇಳುತ್ತಾರೆ. ಎಸ್.ಎಸ್.ಎಲ್.ಸಿ. ಫೇಲು. ಆಮೇಲೆ ಹದಿನಾಲ್ಕು ವರ್ಷ ಎಸ್ಟೇಟೊಂದರಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯಲ್ಲಿ ಕೆಲಸ. ಹಗಲಿಡೀ ತಣ್ಣೀರಿನಲ್ಲಿ ನಿಂತು ಮೊಣಕಾಲು ಹಿಡಿದುಕೊಂಡಿತು. ತೊಂಬತ್ತರಲ್ಲಿ ಪೇಪರ್ ಏಜೆನ್ಸಿ ಹಿಡಿದರು. ಎಂಥ ಮಳೆಯಲ್ಲೂ ಪೇಪರ್ ನಿಲ್ಲಿಸಿಲ್ಲ. ಒಮ್ಮೆ ಮರ ಬಿದ್ದು ರಸ್ತೆ ಕಟ್ಟಿದಾಗ ಹನ್ನೊಂದು ಡಬ್ಬಕ್ಕೆ ನಡೆದೇ ಹಾಕಿ ಬಂದರು, ಆ ನಡಿಗೆ ಮೊಣಕಾಲಿಗೆ ಇವತ್ತಿಗೂ ನೆನಪಿದೆ.

ಪುಸ್ತಕ ಶುರುವಾಗಿದ್ದು ತೊಂಬತ್ಮೂರರಲ್ಲಿ. ಯಾವುದೋ ಬಂಗಲೆ ಖಾಲಿ ಮಾಡುವವರು ಎರಡು ಗೋಣಿ ಪುಸ್ತಕ ಕೊಟ್ಟು ಚಿಕ್ಕಮಗಳೂರಿನ ರದ್ದಿ ಅಂಗಡಿಗೆ ಹಾಕಿಬಿಡಿ ಎಂದರು. ದಾರಿಯಲ್ಲಿ ಜೀಪು ಕೆಟ್ಟಿತು. ಮೆಕ್ಯಾನಿಕ್ ಬರುವವರೆಗೆ ಮಾಡಲು ಕೆಲಸವಿಲ್ಲದೆ ಒಂದನ್ನು ತೆಗೆದು ಓದಿದರು.

"ಮೆಕ್ಯಾನಿಕ್ ಬಂದು ರಿಪೇರಿ ಮಾಡಿ ಹೋದ. ನಾನು ಅಲ್ಲೇ ಕೂತಿದ್ದೆ ಸಾರ್. ಆಮೇಲೆ ರದ್ದಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ಹೇಗಿದ್ರೂ ಡಬ್ಬ ಖಾಲಿ ಇರುತ್ತಲ್ಲ, ಹಾಕಿ ನೋಡೋಣ ಅನ್ನಿಸ್ತು."

ಯಾರಿಗೆ ಯಾವುದು ಹಿಡಿಸಿತು ಎಂದು ತಿಳಿಯಲು ಮೊದಲು ಚೀಟಿ ಇಡಲು ಹೇಳಿದ್ದರಂತೆ. ಚೀಟಿ ಶೀತಕ್ಕೆ ನೆನೆದು ಮುದ್ದೆಯಾಗುತ್ತಿತ್ತು. ನೆನೆಯದೆ ಉಳಿದದ್ದರಿಂದಲಾದರೂ ಏನು ಪ್ರಯೋಜನ? "ಎಲ್ರೂ 'ಚೆನ್ನಾಗಿದೆ' ಅಂತ್ಲೇ ಬರೀತಾರೆ. ಮುಖ ನೋಡದೇ ಇದ್ರೂ ದಾಕ್ಷಿಣ್ಯ ನಮ್ಮ ಜನಕ್ಕೆ." ಅದಕ್ಕೇ ಕಾಫಿ ಬೀಜದ ಲೆಕ್ಕ ತಂದರು. ಪ್ರತಿ ಡಬ್ಬದೊಳಗೂ ಒಂದು ಖಾಲಿ ಬೆಂಕಿಪೊಟ್ಟಣ ಇದೆ. ಓದಿದ ಪುಸ್ತಕ ವಾಪಸ್ ಇಡುವಾಗ ಅದರಲ್ಲಿ ಒಂದು ಬೀಜ ಹಾಕಬೇಕು. ಹೊಸ ಮನೆಯವರಿಗೆ ಇವರು ಬಾಯಲ್ಲೇ ಹೇಳುವುದು ಇಷ್ಟು: "ಹಿಡಿಸಿದ್ರೆ ಒಳ್ಳೇ ಬೀಜ ಹಾಕಿ. ಹಿಡಿಸ್ಲಿಲ್ಲಾಂದ್ರೆ ಕೆಟ್ಟದ್ದು ಹಾಕಿ. ಅರ್ಧಕ್ಕೆ ಬಿಟ್ರೆ ಜೊಳ್ಳು."

ಪಲ್ಪರ್ ಮನೆಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಣ್ಣನ್ನು ಪಲ್ಪರಿನಲ್ಲಿ ಸುಲಿದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಬಿಳಿಚಾಗಿ ನೀಟಾಗಿರುತ್ತದೆ. ಹಣ್ಣನ್ನು ಸಿಪ್ಪೆ ಸಮೇತ ಇಡಿಯಾಗಿ ಒಣಗಿಸಿದ್ದು ಚೆರ್ರಿ. ಕರ್ರಗಿನ ಗುಂಡು. ಪಲ್ಪರ್ ಇರುವ ಎಸ್ಟೇಟುಗಳಲ್ಲಿ ನೆಲಕ್ಕೆ ಬಿದ್ದದ್ದು, ಕೊನೆಗೆ ಗಿಡದಲ್ಲಿ ಉಳಿದದ್ದು ಮಾತ್ರ ಚೆರ್ರಿಯಾಗುತ್ತದೆ. ಪಾರ್ಚ್‌ಮೆಂಟ್ ಬಂದರೆ ಗೆದ್ದ ಹಾಗೆ, ಚೆರ್ರಿ ಬಂದರೆ ಸೋತ ಹಾಗೆ.

ಮೊದಲನೇ ಪುಸ್ತಕದ ಡಬ್ಬದಲ್ಲಿ ಪಾರ್ಚ್‌ಮೆಂಟ್. ಎರಡನೆಯದರಲ್ಲೂ ಪಾರ್ಚ್‌ಮೆಂಟ್. ಮೂರರಲ್ಲಿ ಜೊಳ್ಳು ನೋಡಿ ಗಂಗಾಧರಪ್ಪ ನಗುತ್ತಾರೆ. "ಇವ್ರಿಗೆ ಪತ್ತೇದಾರಿ ಬಿಟ್ರೆ ಬೇರೆ ಇಳಿಯಲ್ಲ. ಸುಮ್ನೆ ಹಾಕಿ ನೋಡ್ದೆ." ನಾಲ್ಕಕ್ಕೆ ಸಂಸಾರದ ಕಾದಂಬರಿ, ಐದಕ್ಕೆ ಶಿಕಾರಿ ಅನುಭವ, ಆರಕ್ಕೆ ದೇವರ ಪುಸ್ತಕ. ಕೈ ಸಲೀಸಾಗಿ ಓಡುತ್ತದೆ. ಏಳು ಹತ್ತಿರ ಬಂದಂತೆ ಬೆರಳು ಸ್ಟೇರಿಂಗ್ ಮೇಲೆ ತಾಳ ಹಾಕತೊಡಗುತ್ತದೆ.

ಏಳನೇ ಡಬ್ಬ ಹಿರೇಬೈಲಿಗೆ ಮೊದಲು ಸಿಗುವ ಒಂದು ಇಳಿಜಾರಿನ ತಿರುವಿನಲ್ಲಿದೆ. ಮನೆ ಕೆಳಗೆ ಹಳ್ಳದಾಚೆ, ರಸ್ತೆಗೆ ಕಾಣುವುದಿಲ್ಲ. ತೊಂಬತ್ತಾರರಲ್ಲಿ ಆ ಮನೆಯ ಯಜಮಾನರು ಮೂಡಿಗೆರೆಗೆ ಬಂದು ಪೇಪರ್ ಹೇಳಿ, ಮನೆಯವಳು ಓದ್ತಾಳೆ, ಪುಸ್ತಕಾನೂ ಹಾಕಿ ಎಂದು ಹೋದರು. ಮೊದಲ ತಿಂಗಳು ಕಾದಂಬರಿ ಹಾಕಿದರೆ ಚೆರ್ರಿ ಬಂತು. ಪತ್ತೇದಾರಿಗೆ ಚೆರ್ರಿ. ಐತಿಹಾಸಿಕಕ್ಕೆ, ಶಿಕಾರಿಗೆ, ದೇವರ ಪುಸ್ತಕಕ್ಕೆ ಚೆರ್ರಿ. ಗಂಗಾಧರಪ್ಪನವರಿಗೆ ಗೊತ್ತಿದ್ದ ಜಾತಿಯ ಪುಸ್ತಕಗಳು ಅಲ್ಲಿಗೆ ಮುಗಿದವು.

ಅಲ್ಲಿಂದ ಈ ಮನುಷ್ಯನಿಗೆ ನೆಮ್ಮದಿ ಇಲ್ಲ. ಚಿಕ್ಕಮಗಳೂರಿನ ರದ್ದಿ ಅಂಗಡಿಗಳಲ್ಲಿ ಮಂಡಿಯೂರಿ ಕೂತು, ಹೆಸರೇ ಕೇಳಿರದ ಬಗೆಯ ಪುಸ್ತಕ ಹುಡುಕತೊಡಗಿದರು. ಪ್ರವಾಸದ ಪುಸ್ತಕ, ಆತ್ಮಕಥೆ, ನಾಟಕ, ಯಾರೋ ಯಾರಿಗೋ ಬರೆದ ಪತ್ರಗಳು, ಹಾವಿನ ಬಗ್ಗೆ, ನಕ್ಷತ್ರದ ಬಗ್ಗೆ, ಹಳ್ಳಿ ವೈದ್ಯರ ದಿನಚರಿ. ಹಾಕುವ ಮೊದಲು ತಾವೇ ಓದುತ್ತಾರೆ, ಸೋತ ಮೇಲೆ ಎಲ್ಲಿ ಸೋತಿತು ಎಂದು ಇನ್ನೊಮ್ಮೆ ಓದುತ್ತಾರೆ. ಒಂದು ಸಲ ತಲೆಕೆಟ್ಟು ನಿಘಂಟನ್ನೇ ಹಾಕಿದರಂತೆ.

"ಅದಕ್ಕೂ ಚೆರ್ರಿ ಸಾರ್! ಜೊಳ್ಳಲ್ಲ, ಚೆರ್ರಿ! ಅಂದ್ರೆ ಪೂರ್ತಿ ಓದಿದಾರೆ! ಹಿಡಿಸ್ದೇ ಇದ್ರೂ ಕಡೇ ಪುಟದವರೆಗೆ ಓದ್ತಾರೆ. ಎಂಥ ಹೆಂಗಸು ಮಾರಾಯ್ರೆ! ಯಾವುದೋ ಕಾಲೇಜಲ್ಲಿ ಪಾಠ ಹೇಳಿದೋರೇ ಇರ್ಬೇಕು. ನಮ್ಮ ರದ್ದಿ ಪುಸ್ತಕ ಅವ್ರಿಗೆ ಎಲ್ಲಿ ಲೆಕ್ಕ?"

ಯಜಮಾನರನ್ನು ಕೇಳಬಹುದಿತ್ತಲ್ಲ ಎನ್ನುತ್ತೇನೆ. ಕೇಳಿದ್ದಾರೆ, ಸಂತೆಯಲ್ಲಿ ಸಿಕ್ಕಾಗ. "ಓದ್ತಾಳೆ, ಓದ್ತಾಳೆ" ಎಂದು ಅವರು ಬಸ್ಸು ಹತ್ತಿದರಂತೆ.

ಸೀಟಿನ ಅಡಿಯಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತೆಗೆದು ಅಲ್ಲಾಡಿಸಿ ತೋರಿಸುತ್ತಾರೆ. ಏಳನೇ ಡಬ್ಬದ ಚೆರ್ರಿಗಳೆಲ್ಲ ಅದರಲ್ಲಿವೆ, ತೊಂಬತ್ಮೂರು. ಬೇರೆ ಮನೆಯ ಬೀಜಗಳನ್ನು ಎಸೆಯುವ ಮನುಷ್ಯ ಇವನ್ನು ಕಾದಿಟ್ಟಿದ್ದಾರೆ. "ಸೊಕ್ಕು ಬರ್ಬಾರ್ದಲ್ಲ" ಎನ್ನುತ್ತಾರೆ. ನಗುತ್ತಾರೇನೋ ಎಂದು ನೋಡಿದೆ, ನಗಲಿಲ್ಲ.

ಹೋದ ತಿಂಗಳು ಹಾಕಿದ್ದು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರೊಬ್ಬರು ಬರೆದ ಕಡಲಿನ ಅನುಭವ. ಇವರಿಗೆ ಬಹಳ ಹಿಡಿಸಿದ ಪುಸ್ತಕ. ಇದಕ್ಕೂ ಚೆರ್ರಿ ಬಂದರೆ ನಿಲ್ಲಿಸಿಬಿಡುತ್ತೇನೆ ಎಂದು ಆಣೆ ಮಾಡಿಕೊಂಡಿದ್ದಾರೆ. ಜೀಪು ನಿಲ್ಲಿಸಿ ಇಳಿಯುತ್ತಾರೆ. ಬೆಂಕಿಪೊಟ್ಟಣ ತೆರೆಯುತ್ತಾರೆ.

ಚೆರ್ರಿ.

"ಮುಗೀತು. ನಂಗೆ ಬರಲ್ಲ ಇದು. ಓದೋರಿಗೆ ತೊಂದ್ರೆ ಯಾಕೆ ಕೊಡ್ಬೇಕು?" ಎಂದು ಪೇಪರ್ ಮಾತ್ರ ಹಾಕಿ ಮುಚ್ಚಳ ಮುಚ್ಚುತ್ತಾರೆ. ಸುಮ್ಮನಿರುವ ಜಾಯಮಾನ ನನ್ನದಲ್ಲ. ನೀವು ಕಳಸಕ್ಕೆ ಹೋಗಿ ಬನ್ನಿ, ವಾಪಸ್ ಬರುವಾಗ ಹತ್ತಿಸಿಕೊಳ್ಳಿ ಎಂದು ನಾನು ಅಲ್ಲೇ ಇಳಿದುಬಿಡುತ್ತೇನೆ.

ಮನೆಯ ಕಡೆ ಅರ್ಧ ದಾರಿ ಇಳಿಯುವಷ್ಟರಲ್ಲಿ ಎದುರಿನಿಂದ ಹೆಂಗಸೊಬ್ಬರು ಏರಿ ಬರುತ್ತಾರೆ. ನಲವತ್ತೈದರ ಆಸುಪಾಸು, ತಲೆಗೆ ಸುತ್ತಿದ ಟವಲು, ಸೀರೆಯ ಮೇಲೆ ಗಂಡಸರ ಹಳೇ ಶರ್ಟು. ಶಾಂತಕುಮಾರಿ ಎಂದು ಹೆಸರು ಹೇಳುತ್ತಾರೆ. ನಾನು ಪೇಪರಿಗೆ ಬರೆಯುವವನು, ಗಂಗಣ್ಣನ ಜೊತೆ ಬಂದವನು ಎಂದಾಗ ಮುಖ ಅರಳುತ್ತದೆ. "ಈ ಸಲ ಎಂತ ಹಾಕಿದಾರೆ? ಹೇಳ್ಬೇಡಿ, ಹೇಳ್ಬೇಡಿ, ನಾನೇ ನೋಡ್ತೀನಿ" ಎಂದು ಸರಸರ ಏರುತ್ತಾರೆ. ನಾನು ಹಿಂದೆಯೇ ಓಡಬೇಕಾಗುತ್ತದೆ.

ಡಬ್ಬ ತೆರೆದು ಪೇಪರ್ ತೆಗೆಯುತ್ತಾರೆ. ಒಳಗೆ ಕೈ ಆಡಿಸುತ್ತಾರೆ. ಮತ್ತೊಮ್ಮೆ ಬಗ್ಗಿ ನೋಡುತ್ತಾರೆ.

"ಮರ್ತ್ರಾ?" ಎನ್ನುತ್ತಾರೆ. ನನ್ನ ಮುಖ ನೋಡಿ ಮರೆತದ್ದಲ್ಲ ಎಂದು ಗೊತ್ತಾಗುತ್ತದೆ. "ನಾನು ಎಂತ ತಪ್ಪು ಮಾಡ್ದೆ? ಪುಸ್ತಕ ಹರ್ದಿಲ್ಲ, ಕೊಳೆ ಮಾಡಿಲ್ಲ. ಒಳ್ಳೇ ಬೀಜಾನೂ ಹಾಕಿದೀನಲ್ಲ."

ಒಳ್ಳೇ ಬೀಜವೇ? ಅದು ಚೆರ್ರಿಯಲ್ಲವೇ?

"ಹೌದು, ಚೆರ್ರಿ. ಮತ್ತೆಂತ ಹಾಕ್ಲಿ? ನಮ್ದು ಎರಡೆಕ್ರೆ ರೋಬಸ್ಟಾ ಕಾಫಿ. ಪಲ್ಪರ್ ಎಲ್ಲಿಂದ ಬರ್ಬೇಕು? ನಮ್ಮ ಕಣದಲ್ಲಿ ಇರೋದೇ ಚೆರ್ರಿ. ಅದ್ರಲ್ಲೇ ಒಳ್ಳೇದು ಯಾವ್ದು ಅಂತ ಕಾಲು ಗಂಟೆ ಆರಿಸ್ತೀನಿ."

ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಡುತ್ತೇನೆ.

ಜೀಪು ವಾಪಸ್ ಬರಲು ಇನ್ನೂ ಎರಡು ಗಂಟೆ. ಅಷ್ಟೂ ಹೊತ್ತು ಅವರ ಕಣದ ಅಂಚಿನಲ್ಲಿ ಕೂರುತ್ತೇನೆ. ಹರಡಿದ ಕಾಫಿಯನ್ನು ಕಾಲಿನಿಂದ ಗೀರುತ್ತಾ, ಕೋಳಿ ಓಡಿಸುತ್ತಾ ಅವರು ಮಾತಾಡುತ್ತಾರೆ. ಓದಿದ್ದು ಏಳನೇ ಕ್ಲಾಸು. ಓದುವುದು ಇದೇ ಕಣ ಕಾಯುತ್ತಾ. ಒಂದು ತಿಂಗಳು ಬಂದ ಥರದ್ದು ಇನ್ನೊಂದು ತಿಂಗಳು ಬಂದದ್ದೇ ಇಲ್ಲ. ಪುಸ್ತಕ ಅಂದರೆ ಕಥೆ ಎಂದು ತಿಳಿದಿದ್ದವರಿಗೆ ಹಾವಿನದು ಬಂತು, ಚುಕ್ಕಿಯದು ಬಂತು. ನಿಘಂಟು?

"ಅದು ಬಹಳ ಹಿಡಿಸ್ತು. ನಮ್ಮ ಮಾತೇ ಎಷ್ಟೊಂದು ಇದ್ವು ಅದ್ರಲ್ಲಿ. ನಮ್ಮಂಥೋರು ಆಡೋ ಮಾತಿಗೂ ಪುಸ್ತಕದಲ್ಲಿ ಜಾಗ ಇದ್ಯಲ್ಲ ಅನ್ನಿಸ್ತು. ಇದನ್ನೆಲ್ಲ ಆರಿಸಿ ಕಳ್ಸೋರು ಯಾರೋ ಭಾರೀ ಓದಿದೋರು, ಕಾಲೇಜಿನ ಮೇಷ್ಟ್ರೇ ಇರ್ಬೇಕು ಅಂದ್ಕೊಂಡಿದ್ದೆ. ಗಂಗಣ್ಣ ಬರೀ ತಂದು ಹಾಕೋದು ಅಂತ."

ಹತ್ತು ಗಂಟೆಗೆ ಜೀಪಿನ ಸದ್ದು ಕೇಳಿ ಇಬ್ಬರೂ ರಸ್ತೆಗೆ ಏರುತ್ತೇವೆ. ಎಂಟು ವರ್ಷದಲ್ಲಿ ಮೊದಲ ಸಲ ಎದುರುಬದುರು ನಿಂತವರು ಒಬ್ಬರನ್ನೊಬ್ಬರು ನೋಡಲು ನಾಚುತ್ತಾರೆ. ವಿಷಯವನ್ನು ನಾನೇ ಹೇಳಬೇಕಾಗುತ್ತದೆ. ಗಂಗಾಧರಪ್ಪನವರು ಮೊದಲು ನಂಬುವುದಿಲ್ಲ. ಆಮೇಲೆ ನನ್ನ ಮೇಲೆ ರೇಗುತ್ತಾರೆ, ನಾನೇನೋ ಅವರ ಮೇಲಿನ ಕರುಣೆಗೆ ಕಟ್ಟಿ ಹೇಳುತ್ತಿದ್ದೇನೆ ಎಂಬಂತೆ. ಕೊನೆಗೆ ಜೀಪಿನಿಂದ ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದು ಆಕೆಯ ಮುಂದೆ ಹಿಡಿಯುತ್ತಾರೆ. ಕೆಲವನ್ನು ಹುಳ ಕೊರೆದಿದೆ.

ಶಾಂತಕುಮಾರಿಯವರು ಒಂದನ್ನು ಎತ್ತಿ ನೋಡುತ್ತಾರೆ. "ಇಷ್ಟು ದಪ್ಪದ್ದು ನಮ್ಮ ಬಾವಿ ಹತ್ರದ ಗಿಡದಲ್ಲಿ ಮಾತ್ರ ಬಿಡೋದು. ಎಲ್ಲ ಇಟ್ಕೊಂಡಿದೀರಾ ಅಣ್ಣಾ?"

"ಪಾರ್ಚ್‌ಮೆಂಟ್ ಒಂದೇ ಒಳ್ಳೇದು ಅಂತ ತಿಳ್ಕೊಂಡ ಪೆದ್ದ ನಾನು" ಎನ್ನುತ್ತಾರೆ ಗಂಗಾಧರಪ್ಪ. ಅವರ ಕಣ್ಣು ತುಂಬಿದೆ. ನನ್ನದೂ ತುಂಬಿತ್ತು, ಮುಚ್ಚಿಟ್ಟು ಏನು ಪ್ರಯೋಜನ. ಗೋಣಿಚೀಲವನ್ನೇ ಇಳಿಸಿ, "ಯಾವ್ದು ಬೇಕೋ ನೀವೇ ಆರಿಸ್ಕೊಳಿ ಅಮ್ಮ" ಎಂದು ಬಾಯಿ ಬಿಚ್ಚಿ ಇಡುತ್ತಾರೆ.

ಆಕೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. "ಬೇಡ ಅಣ್ಣಾ, ನೀವೇ ಕೊಡಿ. ನಾನು ಆರಿಸಿದ್ರೆ ನಂಗೆ ಗೊತ್ತಿರೋದನ್ನೇ ಆರಿಸ್ತೀನಿ."

ಗಂಗಾಧರಪ್ಪ ಚೀಲಕ್ಕೆ ಕೈ ಹಾಕುತ್ತಾರೆ, ಒಂದನ್ನು ತೆಗೆಯುತ್ತಾರೆ, ಬಿಡುತ್ತಾರೆ, ಇನ್ನೊಂದನ್ನು ಹಿಡಿದು ತಲೆ ಕೆರೆದುಕೊಳ್ಳುತ್ತಾರೆ. ಕೊನೆಗೆ ಕೊಟ್ಟಿದ್ದು ಗೋಡೆ ಗಡಿಯಾರ ರಿಪೇರಿಯ ಪುಸ್ತಕ. ಶಾಂತಕುಮಾರಿ ಅದನ್ನು ಪೇಪರಿನೊಳಗೆ ಸುತ್ತಿಕೊಂಡು, ಇನ್ನು ಮುಂದೆ ಗೊಂದಲ ಬೇಡ, ಪಕ್ಕದ ಎಸ್ಟೇಟಿನಿಂದ ಒಂದು ಹಿಡಿ ಪಾರ್ಚ್‌ಮೆಂಟ್ ಕೇಳಿ ತರಲೇ ಎನ್ನುತ್ತಾರೆ.

"ಬೇಡ, ಬೇಡ!" ಗಂಗಾಧರಪ್ಪನವರು ಹೆಚ್ಚುಕಮ್ಮಿ ಕೂಗುತ್ತಾರೆ. "ಚೆರ್ರಿನೇ ಹಾಕಿ."

ಜೀಪು ಮೂಡಿಗೆರೆಯ ಕಡೆ ಹೊರಡುತ್ತದೆ. ಇಂಥ ಲೇಖನಕ್ಕೆ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ನಾನು ಕೇಳುತ್ತೇನೆ: ನಿಮ್ಮ ಆಸೆ ಏನು? ಅವರ ಬೆರಳು ಸ್ಟೇರಿಂಗ್ ಮೇಲೆ ಮತ್ತೆ ತಾಳ ಹಾಕುತ್ತಿದೆ. ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಬಾಯಿ ಬಿಡುತ್ತಾರೆ.

"ಗಡಿಯಾರದ್ದು ಕೊಡ್ಬಾರ್ದಿತ್ತೇನೋ ಸಾರ್. ಅವ್ರ ಮನೇಲಿ ಗೋಡೆ ಗಡಿಯಾರ ಇದ್ಯಾ ಅಂತಾನೇ ಕೇಳ್ಲಿಲ್ಲ ನಾನು. ನೀವು ಒಳಗೆ ಹೋಗಿದ್ರಲ್ಲ, ನೋಡಿದ್ರಾ?"