ರೈಫಲ್ ಕ್ಲಬ್ಬಿಗೆ ಮಂದಿ ಕರೆದ ಕಾಶಿಬಾಯಿ

ಮಳೆಗಾಲದಿಂದ ಸಂಕ್ರಾಂತಿಯವರೆಗೆ ದುಡಿದ ಪಗಾರ ಕಾಶಿಬಾಯಿಗೆ ಇನ್ನೂ ಬರಬೇಕಾಗಿದೆ. ಕೊಡಬೇಕಾದದ್ದು ನಾಶಿಕದ ಒಂದು ರೈಫಲ್ ಕ್ಲಬ್ಬು. ಆ ಕ್ಲಬ್ಬು ಈಗ ಇಲ್ಲ, ಅದರ ಸದಸ್ಯರು ಇದ್ದಾರೆ. ಮದುವೆಮನೆಗಳಲ್ಲಿ ಸಿಗುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ. ಈ ಪಗಾರದ ಮಾತು ತೆಗೆದರೆ ಕೈ ತೊಳೆಯಲು ಎದ್ದು ಹೋಗುತ್ತಾರೆ.

ಕಾಶಿಬಾಯಿ ಬೀದರ ಜಿಲ್ಲೆಯ ಭಾಲ್ಕಿ ಕಡೆಯವಳು. ಗಂಡನ ಹಿಂದೆ ಔರಂಗಾಬಾದಿಗೆ ಬಂದು ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿಯಲ್ಲಿ ದುಡಿದಳು. ಹತ್ತಿಯ ಧೂಳು ಕುಡಿದು ಗಂಡ ಕೆಮ್ಮಿ ಕೆಮ್ಮಿ ಸತ್ತ. ಹೆಂಗಸರಿಗೂ ಗಂಡಸರಷ್ಟೇ ಕೂಲಿ ಕೊಡಿ ಎಂದು ಗೇಟಿನ ಮುಂದೆ ಕೂತವರಲ್ಲಿ ಇವಳೂ ಒಬ್ಬಳು. ಮುಷ್ಕರ ಮುರಿದ ಮೇಲೆ ಮೊದಲು ಹೊರಗೆ ಬಿದ್ದವರಲ್ಲೂ ಒಬ್ಬಳು. ನಾಶಿಕಕ್ಕೆ ಬಂದಿಳಿದಾಗ ಒಂದು ತಗಡಿನ ಟ್ರಂಕು ಬಿಟ್ಟರೆ ಅವಳಿಗಿದ್ದದ್ದು ಬಾಯಿ ಮಾತ್ರ. ಆ ಬಾಯಿಗೆ ಹೆದರಿ ಎರಡು ಮನೆಯವರು ಮುಸುರೆ ಕೆಲಸ ಬಿಡಿಸಿದರು. ಮೂರನೆಯದಾಗಿ ಸಿಕ್ಕಿದ್ದು ಈ ಕ್ಲಬ್ಬು. ಅಲ್ಲಿ ಗುಂಡಿನ ಸದ್ದಿನಲ್ಲಿ ಅವಳ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ಚೀನಾ ಯುದ್ಧದ ಬಿಸಿಯಲ್ಲಿ ಹುಟ್ಟಿದ ಕ್ಲಬ್ಬು ಅದು. ವಕೀಲರು, ಡಾಕ್ಟರು, ದ್ರಾಕ್ಷಿ ತೋಟದ ಧಣಿಗಳು ದೇಶ ಕಾಯುತ್ತೇವೆಂದು ಹೆಸರು ಬರೆಸಿದರು. ಕೆಲವು ವರ್ಷಗಳಲ್ಲಿ ಹುರುಪು ಇಳಿಯಿತು, ಹೊಟ್ಟೆ ಬೆಳೆಯಿತು, ಬೋರಲು ಮಲಗಿ ಗುರಿ ಹಿಡಿಯುವುದು ಕಷ್ಟವಾಯಿತು. ಅಂಬಡದ ಕಡೆಯ ಕಲ್ಲುಬಯಲಿನಲ್ಲಿ ಕ್ಲಬ್ಬಿನ ಜಾಗ. ಕೊನೆಗೊಂದು ಮಣ್ಣಿನ ದಿಬ್ಬ, ಅದರ ಮುಂದೆ ಆಳು ನಿಂತರೆ ಮರೆಯಾಗುವಷ್ಟು ಆಳದ ತೋಡು, ಕಂದಕದ ಹಾಗೆ. ಕಾಶಿಬಾಯಿ ತೋಡಿನಲ್ಲಿ ಕೂತು ಗುರಿ ಹಲಗೆ ಇಳಿಸಿ, ಗುಂಡು ಕೊರೆದ ತೂತಿಗೆ ಮೈದಾ ಅಂಟು ಬಳಿದು ಕಾಗದ ಹಚ್ಚಿ, ಮತ್ತೆ ಮೇಲೇರಿಸಬೇಕು. ತಲೆಯ ಮೇಲೆ ಗುಂಡು ಹಾರುವಾಗ ಅವಳು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಳು.

ಕ್ಲಬ್ಬಿನ ಕಾರ್ಯದರ್ಶಿ ಉಮಾನಾಥ. ಕರಾವಳಿಯವ, ಆಗ್ರಾ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲು ಇಟ್ಟವ. ಕಮಿಟಿಯ ಸಭೆ ಅವನ ಹೋಟೆಲಿನಲ್ಲಿ ಆಗುತ್ತಿತ್ತು. ತಿಂಡಿ ಕೊಟ್ಟವನಿಗೇ ಕಾರ್ಯದರ್ಶಿಯ ಕೆಲಸವನ್ನೂ ಅಂಟಿಸಿಬಿಟ್ಟಿದ್ದರು.

"ಅಣ್ಣಾ, ನನ್ನ ಪಗಾರ," ಎಂದು ಕಾಶಿಬಾಯಿ ದೀಪಾವಳಿ ಕಳೆದ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ನಿಂತಳು.

"ಚಂದಾ ಬಂದರೆ ಅಲ್ಲವಾ ಕಾಶಿಬಾಯಿ ಪಗಾರ? ಸದಸ್ಯರು ಒಬ್ಬೊಬ್ಬರೇ ಬಿಟ್ಟು ಹೋದರು. ನಾನು ಎಲ್ಲಿಂದ ತರುವುದು? ಸಾಂಬಾರಿನ ಖರ್ಚಿನಲ್ಲಿ ಬರೆಯಲಾ?"

"ಸಾಂಬಾರದಾಗರೆ ಬರೀರಿ, ಚಟ್ನ್ಯಾಗರೆ ಬರೀರಿ. ನನಗೇನ್ ಮಾಡಾದದ?"

"ಹೊಸಬರು ಹತ್ತು ಹದಿನೈದು ಜನ ಬಂದರೆ ನಿಮ್ಮ ಬಾಕಿಯೂ ತೀರುತ್ತದೆ, ಜಾಗದ ಬಾಡಿಗೆಯೂ ಕಟ್ಟಬಹುದು. ಇಲ್ಲದಿದ್ದರೆ ಹೊಸ ವರ್ಷಕ್ಕೆ ಬಾಗಿಲು ಹಾಕುವುದೇ. ನಾನು ಸುಮ್ಮನೆ ಕೂತಿಲ್ಲ ಮಾರಾಯ್ತಿ, ಬೋರ್ಡು ಹಾಕಿದ್ದೇನೆ."

ಬೋರ್ಡು ಇಂಗ್ಲಿಷಿನಲ್ಲಿತ್ತು. ದೇವರ ಪಟಗಳ ಪಕ್ಕದಲ್ಲಿ, ಊದುಬತ್ತಿಯ ಹೊಗೆಯಲ್ಲಿ. ಅದನ್ನು ಕಂಡು ವಿಚಾರಿಸಿದವ ಒಬ್ಬನೇ. ಅವನಿಗೆ ಬೇಕಾಗಿದ್ದದ್ದು ಪಾಯಖಾನೆಯ ದಾರಿ.

ಕಾಶಿಬಾಯಿ ಬೋರ್ಡನ್ನೂ ಉಮಾನಾಥನನ್ನೂ ಒಮ್ಮೆ ನೋಡಿದಳು. "ಹಿಂಗ ಕೂತ್ರ ಬರಲ್ರಿ ಯಾರೂ. ಒಂದು ಐತಾರ ಮಂದೀನ ಕರೀರಿ. ಒಬ್ಬೊಬ್ಬರಿಗಿ ಫುಕಟ್ ಗುಂಡು ಹೊಡೀಲಾಕ ಕೊಡ್ರಿ, ಮ್ಯಾಲ ಇಡ್ಲಿ ಕೊಡ್ರಿ. ಕರಿಯಾ ಕೆಲಸ ನಂದು."

"ಇಡ್ಲಿ ಯಾರ ಲೆಕ್ಕದಲ್ಲಿ?"

"ಹಂಗಾರ ಪಗಾರೇ ಕೊಟ್ಟುಬಿಡ್ರಿ ಈಗ."

ಉಮಾನಾಥ ಇಡ್ಲಿಗೆ ಒಪ್ಪಿದ.

ಪಗಾರ ಕೇಳಲು ಹೋದವಳ ತಲೆಗೆ ಹೀಗೆ ಮಂದಿ ಕೂಡಿಸುವ ಕೆಲಸವೂ ಬಿತ್ತು. ಅದಕ್ಕೆ ಬೇರೆ ಪಗಾರವಿಲ್ಲ, ಹೇಳಬೇಕಾಗಿಲ್ಲ. ಮೊದಲು ಬಸ್ಸು ಹಿಡಿದು ಪಿಂಪಳಗಾಂವ್ ಬಸವಂತಿಗೆ ಹೋದಳು. ಅಲ್ಲಿ ಈರುಳ್ಳಿ ವ್ಯಾಪಾರದ ಮನ್ಮಥಪ್ಪ ಅವಳ ತಾಲೂಕಿನವನೇ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಈಬತ್ತಿ, ಹಿಂದೆ ಈರುಳ್ಳಿಯ ಗುಡ್ಡ.

"ಯವ್ವಾ, ನಾವು ಇರಿವಿ ತುಳಿದ್ರ ಕೈ ಮುಗಿಯಾ ಮಂದಿ," ಎಂದ ಮನ್ಮಥಪ್ಪ. "ಬಂದೂಕ ಹಿಡದು ಯಾರಿಗಿ ಹೊಡೀಲಿ?"

"ಕಾಗದಕ್ಕ ಹೊಡೀರಿ ಸಾವ್ಕಾರ್ರ. ಕಾಗದಕ್ಕ ಜೀವ ಇಲ್ಲ."

"ಕಾಗದ ಹರಿಲಾಕ ಚಂದಾ ಯಾಕ ಕೊಡಬೇಕು? ಮನ್ಯಾಗ ಮಮ್ಮಕ್ಕಳು ಫುಕಟ್ ಹರೀತಾವ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನ ಚಾರ್ಜು ದಂಡವಾಗುವುದು ಕಣ್ಣಿಗೆ ಕಂಡು ಒಂದು ಸುಳ್ಳು ಬಿಟ್ಟಳು. "ಮೆಂಬರ್ ಆದವರಿಗಿ ಬಂದೂಕಿನ ಲೈಸೆನ್ಸ್ ಲಗೂನ ಸಿಗ್ತದ ಅಂತಾರ. ನಿಮ್ಮ ಗೋದಾಮಿಗಿ ಕಳ್ಳರ ಕಾಟ ಅದ ಅಂತ ಕೇಳಿದ್ದೆ." ಲೈಸೆನ್ಸ್ ಸಿಗುತ್ತದೋ ಇಲ್ಲವೋ ಅವಳಿಗೆ ಏನೇನೂ ಗೊತ್ತಿರಲಿಲ್ಲ. ಮನ್ಮಥಪ್ಪನ ಅಹಿಂಸೆ ಅಲ್ಲೇ ಕುಸಿದು ಕೂತಿತು. ಯಾವ ಐತವಾರ ಎಂದು ಕೇಳಿದ.

ಮರಳಿ ಬಂದು ಅಂಬಡದ ಬಾಡಿಗೆ ಖೋಲಿಗಳ ಸಾಲಿಗೆ ಹೋದಳು. ಹೊಸ ಕಾರ್ಖಾನೆಗಳಲ್ಲಿ ದುಡಿಯುವವರು ಅಲ್ಲಿ ಒಂದೊಂದು ಖೋಲಿಗೆ ನಾಲ್ಕೈದು ಮಂದಿ ಒತ್ತಿಕೊಂಡಿದ್ದರು. ಅವರಲ್ಲಿ ಕಲಬುರ್ಗಿ ಕಡೆಯ ಜಯರಾಮ ಲೇಥ್ ಮಶೀನಿನವ, ಯೂನಿಯನ್ನಿನಲ್ಲಿ ಓಡಾಡುವವ. ತುರ್ತು ಪರಿಸ್ಥಿತಿ ತೊಲಗಿದ ವರ್ಷ ಅದು. ಗೇಟುಗಳಲ್ಲಿ ಮತ್ತೆ ಘೋಷಣೆ ಕೇಳಿಸತೊಡಗಿತ್ತು, ಮಾಲೀಕರಿಗೆ ಮತ್ತೆ ನಿದ್ದೆ ಕೆಟ್ಟಿತ್ತು.

"ಕಾಶಕ್ಕಾ, ನಮ್ಮಂಥವರಿಗಿ ಒಳಗ ಬಿಡ್ತಾರೇನು?" ಎಂದ ಜಯರಾಮ.

"ಬಿಡದೆ ಏನ್ ಮಾಡ್ತಾರ? ಮಂದೀನೇ ಇಲ್ಲ ಅಲ್ಲಿ."

ಇಷ್ಟು ಮಾಡಿ ಅವಳು ಮಂದಿ ಕೂಡಿಸಿದಳು. ಕೆಲಸ ಕೆಟ್ಟದ್ದು ಉಮಾನಾಥನ ಮನೆಯಲ್ಲಿ. ಕ್ಲಬ್ಬಿನ ಖೋಲಿಯ ತಗಡು ಮಳೆಗೆ ಸೋರುತ್ತಿದ್ದುದರಿಂದ ರೈಫಲುಗಳೆಲ್ಲ ಹೋಟೆಲಿನ ಹಿಂದೆ ಅವನ ಕಪಾಟಿನಲ್ಲಿದ್ದವು. ಆಯುಧಪೂಜೆಗೆ ಅವನು ಅವುಗಳನ್ನು ದೇವರ ಮುಂದೆ ಇಡಲು ಹೊರಟಾಗ ಹೆಂಡತಿ ಜಲಜಾಕ್ಷಿ ತಡೆದಿದ್ದಳು. "ಆ ಡಬ್ಬಿಯ ಎಣ್ಣೆಯಲ್ಲಿ ಯಾವ ಪ್ರಾಣಿಯ ಕೊಬ್ಬು ಉಂಟೋ ಯಾರಿಗೆ ಗೊತ್ತು? ಅಡುಗೆಯ ಬಗಲಿಗೇ ಅದನ್ನು ತರಬೇಡಿ. ಮೊದಲು ಒರೆಸಿ." ಉಮಾನಾಥ ಬಂದೂಕಿನ ಎಣ್ಣೆಯನ್ನೆಲ್ಲ ಬಿಸಿನೀರು ಬಟ್ಟೆಯಲ್ಲಿ ಒರೆಸಿ, ಊರಿನಿಂದ ಬಂದಿದ್ದ ಶುದ್ಧ ತೆಂಗಿನೆಣ್ಣೆ ಹಚ್ಚಿ, ಗಂಧ ಕುಂಕುಮ ಇಟ್ಟು ಆರತಿ ಎತ್ತಿದ. ಅಂದಿನಿಂದ ತೆಂಗಿನೆಣ್ಣೆಯೇ ಖಾಯಮ್ಮಾಯಿತು. ಒಲೆಯ ಗೋಡೆಗೆ ತಾಗಿದ ಕಪಾಟು, ಒಳಗೆ ಸದಾ ಬೆಚ್ಚಗೆ. ಗುಂಡು ಏರಿಸಲು ಹಿಂದೆ ಮುಂದೆ ಎಳೆಯುವ ಬೋಲ್ಟು ಬೆಣ್ಣೆಯಂತೆ ಸರಿಯುತ್ತಿತ್ತು.

ನಾಶಿಕದ ಡಿಸೆಂಬರ್ ಚಳಿ ದ್ರಾಕ್ಷಿಯ ಎಲೆ ಸುಡುತ್ತದೆ. ಐತವಾರ ಮುಂಜಾನೆ ಸೂರ್ಯ ಹುಟ್ಟುವ ಮೊದಲೇ ರೈಫಲುಗಳನ್ನು ಬಯಲಿಗೆ ತಂದು ಕಲ್ಲಿನ ಮೇಲೆ ಸಾಲಾಗಿ ಇಟ್ಟರು. ಜೀಪುಗಳಲ್ಲಿ ಧಣಿಗಳು ಬಂದರು, ಸ್ಕೂಟರುಗಳಲ್ಲಿ ಡಾಕ್ಟರು ವಕೀಲರು ಬಂದರು, ಹಳೆಯ ಸದಸ್ಯರು ಒಬ್ಬಿಬ್ಬರು, ಉಳಿದವರು ಹೊಸಬರು. ಮನ್ಮಥಪ್ಪ ಮಫ್ಲರು ಸುತ್ತಿಕೊಂಡು ಬಂದ. ಜಯರಾಮ ಮತ್ತು ಅವನ ಕೂಡಿದವರು ನಡೆದೇ ಬಂದರು. ಕಾಶಿಬಾಯಿ ತೋಡಿಗೆ ಇಳಿದು ಹಲಗೆ ಏರಿಸಿ ಕಾದಳು.

ಸದ್ದಿಲ್ಲ. ಎಲೆ ಮಡಿಚಿ ಬಾಯಿಗೆ ಹಾಕಿದಳು. ಆಗಲೂ ಸದ್ದಿಲ್ಲ. ಕಡೆಗೆ ಗುಂಡು ಹಾರಿಸಬೇಡಿ ಎಂಬ ಕೆಂಪು ಬಾವುಟ ಬೀಸಿ ಮೇಲೆದ್ದು ಬಂದು ನೋಡಿದರೆ ಉಮಾನಾಥ ಒಂದು ರೈಫಲನ್ನು ಮೊಣಕಾಲಿಗೆ ಒತ್ತಿಕೊಂಡು ಬೋಲ್ಟು ಜಗ್ಗುತ್ತಿದ್ದ. ಮುಖ ಕೆಂಪಗಾಗಿತ್ತು. ನಾಲ್ಕಕ್ಕೆ ನಾಲ್ಕೂ ಜಾಮ್. ಒಳಗೆ ತೆಂಗಿನೆಣ್ಣೆ ಮೇಣದ ಹಾಗೆ ಬಿಳಿಯಾಗಿ ಗಟ್ಟಿಯಾಗಿತ್ತು.

"ಊರಲ್ಲಿ ವರ್ಷವಿಡೀ ನೀರಿನ ಹಾಗೆ ಇರುತ್ತದೆ ಈ ಎಣ್ಣೆ," ಎಂದು ಗೊಣಗಿದ.

"ಊರಾಗ ಇಲ್ರಿ ನೀವು ಈಗ," ಎಂದಳು ಕಾಶಿಬಾಯಿ. "ದಿನಾ ತಲಿಗಿ ಹಚ್ಚಾಗ ಬಾಟ್ಲಿ ಒಲಿ ಮುಂದ ಇಡ್ತೀರಿಲ್ಲ? ಬಂದೂಕಿಗಿ ಚಳಿ ಹತ್ತಲ್ಲಂತ ತಿಳದ್ರೇನು?"

ಬಯಲಿನಲ್ಲಿ ಇದ್ದ ಒಲೆ ಇಡ್ಲಿಯದೊಂದೇ. ಉಮಾನಾಥ ಒಂದೊಂದೇ ಬೋಲ್ಟು ಬಿಚ್ಚಿ ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಇಟ್ಟ. ಎಣ್ಣೆ ಕರಗಿ ಮುಚ್ಚಳದ ಅಂಚಿನಿಂದ ಇಳಿಯಿತು. ಮನ್ಮಥಪ್ಪ ಇಡ್ಲಿ ಬಾಯಿಗಿಟ್ಟು, "ಇದರಾಗ ಏನ್ ವಾಸ್ನಿ ಅದ?" ಎಂದು ಕೇಳಿದ. ಧಣಿಗಳು, ಡಾಕ್ಟರು, ವಕೀಲರು ನಕ್ಕು, ತಿಂದು, ಚಹಾ ಕುಡಿದು, ಬಿಸಿಲೇರುವ ಮೊದಲೇ ಹೊರಟುಹೋದರು. ಒಬ್ಬನೂ ಹೆಸರು ಬರೆಸಲಿಲ್ಲ.

ಉಳಿದವ ಲೈಸೆನ್ಸಿನ ಆಸೆಯ ಮನ್ಮಥಪ್ಪ. ಒಂದು ಗುಂಡು ಹಾರಿಸಿದ, ಅದು ದಿಬ್ಬದ ಮಣ್ಣಿಗೆ ಬಿತ್ತು. ಖುಷಿಯಾಗಿ ಅಲ್ಲೇ ಚಂದಾ ಕಟ್ಟಿ ಸದಸ್ಯನಾದ. ಅವನನ್ನು ಬಿಟ್ಟರೆ ಉಳಿದದ್ದು ಜಯರಾಮನ ಗುಂಪು. ವಾರಕ್ಕೊಂದೇ ರಜೆ ಸಿಗುವವರಿಗೆ ಕಾಯುವುದು ಗೊತ್ತು. ಸರದಿಯಂತೆ ಮಲಗಿ ಹೊಡೆದರು. ಹೆಚ್ಚಿನವು ತಪ್ಪಿದವು. ಕಾಶಿಬಾಯಿ ತೋಡಿನಿಂದ ಕೂಗಿದಳು, "ಒಂದರೆ ತೂತು ಮಾಡ್ರೋ, ಅಂಟು ಒಣಗಲತ್ತದ." ನಗು ಎದ್ದಿತು. ಆಮೇಲೆ ಒಂದೆರಡು ತೂತೂ ಬಿದ್ದವು. ಗುರಿ ಹೊಡೆದವನ ಬೆನ್ನಿಗೆ ಉಳಿದವರು ಗುದ್ದಿದರು. ಅಲ್ಲಿದ್ದವರೆಲ್ಲ ಸದಸ್ಯರಾಗುತ್ತೇವೆ ಎಂದರು. ಚಂದಾ ಪ್ರತಿ ಪಗಾರದ ದಿನ ಸ್ವಲ್ಪ ಸ್ವಲ್ಪವಾಗಿ ಕೊಡುತ್ತೇವೆ ಎಂದರು. ಉಮಾನಾಥ ಕೇಳಿದ್ದಕ್ಕಿಂತ ಹೆಚ್ಚೇ ಮಂದಿ. ತನ್ನ ಪಗಾರ ಬಂತೆಂದೇ ಕಾಶಿಬಾಯಿ ತಿಳಿದಳು.

ಉಮಾನಾಥ ಕೈ ಹಿಸುಕಿಕೊಂಡ. "ಒಂದು ನಿಯಮ ಉಂಟು. ಹೊಸ ಸದಸ್ಯನಿಗೆ ಇಬ್ಬರು ಪ್ರತಿಷ್ಠಿತರ ಜಾಮೀನು ಸಹಿ ಬೇಕು. ಕ್ಲಬ್ಬಿನ ಸದಸ್ಯರೇ ಆಗಬೇಕು."

"ಇದೇನ್ ದೊಡ್ಡ ಮಾತ್ರಿ? ನೀವೊಬ್ರು ಹಾಕ್ರಿ, ಸಾವ್ಕಾರ್ರು ಒಬ್ರು ಹಾಕ್ತಾರ."

"ನಾ ಹಾಕಲ್ಲ," ಎಂದ ಮನ್ಮಥಪ್ಪ. "ನಾಳಿಗಿ ಇವರು ಬಂದೂಕ ಹಿಡ್ಕೊಂಡು ಗೇಟಿನಾಗ ನಿಂತ್ರ ಪೊಲೀಸರು ಯಾರ ಮನೀಗಿ ಬರ್ತಾರ?"

ಜಯರಾಮ ಕೇಳಿದ, "ಸಾವ್ಕಾರ್ರ, ಬಂದೂಕ ಇರಾದು ಅಣ್ಣನ ಕಪಾಟಿನಾಗ. ಕೀಲಿ ಇರಾದು ಅಣ್ಣನ ಉಡದಾರದಾಗ. ನಾವೇನ್ ಗೇಟಿನಾಗ ಬೆರಳು ತೋರಿಸಿ ಢಂ ಅನ್ನಬೇಕೇನು?"

"ನಿಮ್ದು ಯೂನಿಯನ್ ಮಂದಿ. ನನಗ ಬ್ಯಾಡಪ್ಪ ಆ ಉಸಾಬರಿ."

"ಸಾವ್ಕಾರ್ರ, ಮುಂಜಾನಿ ನಿಮ್ಮ ಅರ್ಜಿಗಿ ಸಹಿ ಯಾರ್ ಹಾಕಿದ್ರು?" ಕಾಶಿಬಾಯಿ ಸೊಂಟದ ಮೇಲೆ ಕೈ ಇಟ್ಟಳು. "ಅಣ್ಣ ಹಾಕ್ದ, ಕ್ಲಬ್ಬಿನ ಒಬ್ಬ ವಕೀಲ ಹೋಗಾ ಮೊದಲ ಚಾ ಕುಡೀತ ಹಾಕ್ದ. ಅವ ನಿಮ್ಮ ಮಾರಿ ಮೊದಲ್ ಎಂದು ನೋಡಿದ್ದ? ನಿಮ್ಮ ಉಳ್ಳಾಗಡ್ಡಿ ಲಾರಿ ನೋಡಿ ಹಾಕ್ದ." ಆಮೇಲೆ ಉಮಾನಾಥನ ಕಡೆ ತಿರುಗಿದಳು. "ತರ್ರಿ ಇಲ್ಲಿ, ನಾ ಹೆಬ್ಬೆಟ್ಟು ಒತ್ತತೀನಿ."

"ನೀವು ಸದಸ್ಯರಲ್ಲವಲ್ಲ ಮಾರಾಯ್ತಿ. ಪ್ರತಿಷ್ಠಿತರು ಅಂತ ನಿಯಮದಲ್ಲೇ ಉಂಟು, ನಾನೆಂತ ಮಾಡಲಿ?"

"ವಾರಕ್ಕೊಮ್ಮಿ ನಿಮ್ಮ ಡಾಕ್ಟರು, ವಕೀಲರು ನನ್ನ ತಲಿ ಮ್ಯಾಲ ಗುಂಡು ಹಾರಸ್ತಾರ. ಕೆಲವರು ರಾತ್ರಿ ಕುಡದದ್ದು ಇಳೀದೇ ಬರ್ತಾರ. ಅವರಿಗಿ ಜಾಮೀನು ಯಾರಂತ ನಾ ಯಾವಾಗರೆ ಕೇಳೀನೇನು? ತೋಡಿನಾಗ ಕೂತಾಕಿ ನಾ ಇವರನ್ನ ನಂಬ್ತೀನಿ ಅಂದ್ರ, ಇಡ್ಲಿ ಒಲಿ ಮುಂದ ಕೂತ ನಿಮಗೇನು ಅಂಜಿಕಿ?"

ಉಮಾನಾಥ ಕೆಟ್ಟವನಲ್ಲ. ಪೆನ್ನು ತೆಗೆದದ್ದೂ ನಿಜ. ಮನ್ಮಥಪ್ಪನ ಮುಖ ನೋಡಿದ, ತನ್ನ ಹೋಟೆಲಿಗೆ ಬರುವ ಕಾರ್ಖಾನೆ ಮಾಲೀಕರನ್ನು ನೆನೆದಿರಬೇಕು, ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದ. "ಕಮಿಟಿಯ ಮುಂದೆ ಇಡುವ," ಎಂದ.

ಜಯರಾಮ ಜಗಳಕ್ಕೆ ನಿಲ್ಲಲಿಲ್ಲ. "ನಡೀರ್ಲೇ, ಇಡ್ಲಿ ತಿಂದದ್ದೇ ಲಾಭ," ಎಂದು ತನ್ನವರನ್ನು ಕರೆದುಕೊಂಡು ಹೋದ.

ಕಮಿಟಿ ಸಂಕ್ರಾಂತಿಗೆ ಸೇರಿತು, ಎಳ್ಳುಂಡೆ ತಿಂದಿತು. ಕಾರ್ಮಿಕರ ವಿಷಯ ಮುಂದಿನ ಸಭೆಗೆ ಹೋಯಿತು. ಹೊಸ ಸದಸ್ಯರು ಬರುತ್ತಿಲ್ಲ, ಇಂದಿನ ಯುವಕರಲ್ಲಿ ದೇಶಾಭಿಮಾನವಿಲ್ಲ ಎಂದು ಅಧ್ಯಕ್ಷರು ವ್ಯಥೆಪಟ್ಟರು. ಕಾಶಿಬಾಯಿ ಬಾಗಿಲಲ್ಲಿ ನಿಂತೇ ಅದನ್ನು ಕೇಳಿಸಿಕೊಂಡಳು. "ಬಾಗಿಲ ತನಕ ಬಂದವರನ್ನ ಅಟ್ಟಿ, ಈಗ ಯಾರೂ ಬರವಲ್ಲರು ಅಂತ ಅಳಲತ್ತೀರಲ್ರೀ," ಎಂದಳು. ಹೆಂಗಸು ಸಭೆಯಲ್ಲಿ ಮಾತಾಡಿದಳೆಂದು ಅಧ್ಯಕ್ಷರಿಗೆ ಬೇಸರವಾಯಿತಂತೆ. ಮುಂದಿನ ಸಭೆ ನಡೆಯಲೇ ಇಲ್ಲ. ಬಾಡಿಗೆ ಕಟ್ಟದೆ ಜಾಗ ಹೋಯಿತು, ರೈಫಲುಗಳು ಪೊಲೀಸ್ ಠಾಣೆ ಸೇರಿದವು. ಮನ್ಮಥಪ್ಪ ಇವತ್ತಿಗೂ ಲೈಸೆನ್ಸ್ ಯಾವಾಗ ಎಂದು ಉಮಾನಾಥನನ್ನು ಕೇಳುತ್ತಾನೆ. ಕಾಶಿಬಾಯಿ ನಿಫಾಡಿನಲ್ಲಿ ದ್ರಾಕ್ಷಿ ಕತ್ತರಿಸುವ ಕೂಲಿಗೆ ಹೋಗುತ್ತಾಳೆ. ಅಲ್ಲಿ ಕೂಲಿ ಕಡಿಮೆ, ಆದರೆ ಸಂತೆಯ ದಿನ ಕೈಗೆ ಬರುತ್ತದೆ.

ಇನ್ನು ನಿಮ್ಮ ಮಾತು. ಇದನ್ನು ಓದುವ ನೀವು ಯಾವುದೋ ಒಂದು ಸಂಘದಲ್ಲಿ ಇದ್ದೇ ಇರುತ್ತೀರಿ. ಕನ್ನಡ ಸಂಘವೋ, ಭಜನಾ ಮಂಡಳಿಯೋ, ವಾಚನಾಲಯವೋ, ಪತ್ತಿನ ಸಂಘವೋ. ಅದರ ನಿಯಮಗಳನ್ನು ತೆಗೆದು ಓದಿ. ಇಬ್ಬರು ಪ್ರತಿಷ್ಠಿತರನ್ನು ಕೇಳುವ ಸಾಲು ಅಲ್ಲೂ ಸಿಗುತ್ತದೆ. ಬಹುಶಃ ಆ ಪ್ರತಿಷ್ಠಿತರಲ್ಲಿ ನೀವೇ ಒಬ್ಬರು. ಮುಂದಿನ ಸಭೆಯಲ್ಲಿ ಎದ್ದು ನಿಂತು ಆ ಸಾಲನ್ನು ಹೊಡೆದು ಹಾಕಿಸಿ. ಅದು ಆಗುವವರೆಗೆ, ಹೊರಗೆ ನಿಂತವನ ಅರ್ಜಿಗೆ ನಿಮ್ಮ ಸಹಿ ಹಾಕಿ. ಎರಡೂ ನಿಮ್ಮಿಂದ ಆಗದಿದ್ದರೆ ಕುರ್ಚಿ ಬಿಟ್ಟು ಏಳಿ.